ಅಕ್ಟೋಬರ್ ಹಾಳೆ ಜಾಗ ತಪ್ಪಿದಾಗ

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕವನ್ನು ನಾನು ಎಕ್ಸೆಲ್‌ನಲ್ಲಿ ಇಡುತ್ತೇನೆ. ತಿಂಗಳಿಗೆ ಎರಡು ಬಟವಾಡೆ, ಆದ್ದರಿಂದ ವರ್ಷಕ್ಕೆ 24 ಹಾಳೆ. ಸದಸ್ಯರ ಪಟ್ಟಿ, ಪಶು ಆಹಾರ, ಸ್ಥಳೀಯ ಮಾರಾಟ, ಷೇರು, ಬೋನಸ್ ಎಲ್ಲ ಸೇರಿ ಒಂದೇ ಕಡತದಲ್ಲಿ 38 ಹಾಳೆಗಳಾದವು. ಪರದೆಯ ಕೆಳಗೆ ಒಮ್ಮೆಗೆ ಕಾಣುವುದು ಏಳೆಂಟು ಟ್ಯಾಬ್, ಅಂದರೆ ಹಾಳೆಯ ಹೆಸರಿರುವ ಗುಂಡಿ, ಮಾತ್ರ.

ಒಂದು ವರ್ಷ ಲೆಕ್ಕ ಪರಿಶೋಧನೆಗೆ ಮುಂಚೆ ವರ್ಷದ ಒಟ್ಟು ಹಾಲನ್ನು ರಿಜಿಸ್ಟರ್‌ಗೆ ತಾಳೆ ನೋಡಿದರೆ 4,218 ಲೀಟರ್ ಕಡಿಮೆ. ಸೂತ್ರದಲ್ಲಿ ತಪ್ಪಿರಲಿಲ್ಲ. ಏಪ್ರಿಲ್‌ನ ಮೊದಲ ಹಾಳೆಯಿಂದ ಮಾರ್ಚ್‌ನ ಕೊನೆಯ ಹಾಳೆಯವರೆಗೆ ಎಲ್ಲದರ ಬಿ5 ಮನೆಯನ್ನೂ, ಅಂದರೆ ಆ ಬಟವಾಡೆಯ ಒಟ್ಟು ಹಾಲನ್ನು, ಕೂಡಿಸುವ ಸೂತ್ರ ಅದು. ಎರಡು ರಾತ್ರಿ ಹುಡುಕಿದೆ. ಕೊನೆಗೆ ಸಿಕ್ಕಿತು: ಅಕ್ಟೋಬರ್ ಮೊದಲ ಬಟವಾಡೆಯನ್ನು ಬೋನಸ್ ಲೆಕ್ಕದೊಡನೆ ಹೋಲಿಸಲೆಂದು ಅದರ ಟ್ಯಾಬನ್ನು ಎಳೆದು ಬೋನಸ್ ಹಾಳೆಯ ಪಕ್ಕಕ್ಕಿಟ್ಟಿದ್ದೆ. ಇಂಥ ಸೂತ್ರ ಎರಡು ಹಾಳೆಗಳ ನಡುವೆ ಇರುವುದನ್ನಷ್ಟೇ ಕೂಡಿಸುತ್ತದೆ. ಸಾಲಿನಿಂದ ಹೊರಗೆ ಹೋದ ಹಾಳೆಯನ್ನು ಒಂದು ಎಚ್ಚರಿಕೆಯೂ ಇಲ್ಲದೆ ಬಿಟ್ಟುಬಿಡುತ್ತದೆ.

ಅಂದಿನಿಂದ ಬಟವಾಡೆ ಹಾಳೆಗಳ ಮುಂದೆ ‘ಆರಂಭ’, ಹಿಂದೆ ‘ಅಂತ್ಯ’ ಎಂಬ ಎರಡು ಖಾಲಿ ಹಾಳೆ ಇಟ್ಟಿದ್ದೇನೆ. ಸೂತ್ರ ಅವೆರಡರ ನಡುವಿನದು. ಎರಡಕ್ಕೂ ಕೆಂಪು ಬಣ್ಣ. ಅವುಗಳ ನಡುವಿನ ಟ್ಯಾಬನ್ನು ಇನ್ನು ಯಾವ ಕಾರಣಕ್ಕೂ ಎಳೆಯುವುದಿಲ್ಲ. ಹೋಲಿಸಬೇಕಾದರೆ ಅದೇ ಕಡತವನ್ನು ಎರಡನೆಯ ಕಿಟಕಿಯಲ್ಲಿ ತೆರೆದುಕೊಳ್ಳುತ್ತೇನೆ.

ಹೆಸರಿನ ವಿಷಯವನ್ನೂ ಹೇಳಬೇಕು. ಹಾಳೆಯ ಹೆಸರಿಗೆ 31 ಅಕ್ಷರದ ಮಿತಿ. ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಕನ್ನಡಕ್ಕೆ ಈ ಮಿತಿ ಬೇಗ ಮುಗಿಯುತ್ತದೆ. ‘ಸೆಪ್ಟೆಂಬರ್’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಎಕ್ಸೆಲ್‌ಗೆ 10. ತಾರೀಖಿನ ನಡುವೆ ಓರೆಗೆರೆ ಹಾಕಿದರೂ ಒಪ್ಪುವುದಿಲ್ಲ. ಹಾಗಾಗಿ ‘ಸೆಪ್ಟೆಂ-1’, ‘ಸೆಪ್ಟೆಂ-2’ ಎಂದಿಟ್ಟೆ. ಟ್ಯಾಬ್ ಚಿಕ್ಕದಾದಷ್ಟೂ ಪರದೆಯಲ್ಲಿ ಹೆಚ್ಚು ಹಾಳೆ ಕಾಣುತ್ತವೆ.

ಎಲ್ಲಕ್ಕಿಂತ ಮೊದಲು ‘ಪರಿವಿಡಿ’ ಹಾಳೆ. ಅದರಲ್ಲಿ ಪ್ರತಿ ಹಾಳೆಯ ಹೆಸರಿಗೂ ಕಂಟ್ರೋಲ್ ಮತ್ತು ಕೆ ಒತ್ತಿ ಕೊಂಡಿ ಹಾಕಿದ್ದೇನೆ. ಹೆಸರು ಬದಲಾದರೆ ಈ ಕೊಂಡಿ ಮುರಿಯುತ್ತದೆ, ಆದ್ದರಿಂದ ಹೆಸರುಗಳನ್ನು ಖಚಿತ ಮಾಡಿಕೊಂಡ ಮೇಲೆಯೇ ಈ ಕೆಲಸ. ಮರಳಿ ಪರಿವಿಡಿಗೆ ಬರಲು ಉಳಿದ ಹಾಳೆಗಳನ್ನೆಲ್ಲ ಒಟ್ಟಿಗೆ ಆಯ್ದು, ಖಾಲಿಯಿದ್ದ ಎ1 ಮನೆಯಲ್ಲಿ ಹೈಪರ್‌ಲಿಂಕ್ ಸೂತ್ರವನ್ನು ಒಮ್ಮೆ ಬರೆದೆ, ಎಲ್ಲದರಲ್ಲೂ ಬಂತು. ಬರೆದ ತಕ್ಷಣ ಆಯ್ಕೆ ಬಿಡಿಸಲೇಬೇಕು. ಕಡತದ ಹೆಸರಿನ ಪಕ್ಕ ‘ಗ್ರೂಪ್’ ಎಂದು ಕಾಣುತ್ತಿರುವವರೆಗೆ ಒಂದು ಹಾಳೆಯಲ್ಲಿ ಬರೆದ ಅಂಕಿ ಆಯ್ದ ಎಲ್ಲ ಹಾಳೆಗಳಿಗೂ ಇಳಿಯುತ್ತದೆ.

ಪಕ್ಕದ ಹಾಳೆಗೆ ಹೋಗಲು ಕಂಟ್ರೋಲ್ ಜೊತೆ ಪೇಜ್ ಡೌನ್, ಹಿಂದಕ್ಕೆ ಪೇಜ್ ಅಪ್. ದೂರದ್ದಾದರೆ ಎಡಗಡೆ ಕೆಳಮೂಲೆಯ ಬಾಣದ ಮೇಲೆ ಮೌಸ್‌ನ ಬಲಗುಂಡಿ ಒತ್ತುತ್ತೇನೆ. ಹಾಳೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಈಗ ಬಟವಾಡೆಯ ದಿನ ಸದಸ್ಯರೊಬ್ಬರು ಕಿಟಕಿಯ ಬಳಿ ನಿಂತು ಜೂನ್ ಲೆಕ್ಕ ಕೇಳಿದರೆ, ಅವರು ಪಾಸ್‌ಬುಕ್ ತೆಗೆಯುವಷ್ಟರಲ್ಲಿ ಆ ಹಾಳೆ ನನ್ನ ಮುಂದಿರುತ್ತದೆ.