ಪೋಲೋ ಜಿಟಿ ತಗ್ಗಿಸುವ ಮುಂಚೆ ಲೋವರ್ ಆರ್ಮ್ ನೋಡಿ
ಕಾರಿನ ಎತ್ತರ ತಗ್ಗಿಸಿದರೆ ಪಿಕಪ್ ಜಾಸ್ತಿ ಆಗುತ್ತೆ ಅನ್ನೋ ಆಸೆ ಇದ್ದರೆ ಮೊದಲು ಅದನ್ನು ಬಿಡಿ. ಪೋಲೋ ಜಿಟಿ ಟಿಎಸ್‌ಐ, ಡ್ರೈವರ್ ಸೇರಿ ಸುಮಾರು 1200 ಕೆಜಿ ಅಂತ ಇಟ್ಟುಕೊಳ್ಳಿ. 0.4 ಜಿ (ಗುರುತ್ವದ 0.4 ಪಟ್ಟು) ವೇಗವರ್ಧನೆಯಲ್ಲಿ ಮುನ್ನುಗ್ಗಿದರೆ ಮುಂದಿನ ಚಕ್ರಗಳ ಮೇಲಿಂದ ಹಿಂದಕ್ಕೆ ನೂರು ಕೆಜಿ ಆಸುಪಾಸು ಭಾರ ಹೋಗುತ್ತದೆ. 30 ಮಿಮೀ ತಗ್ಗಿಸಿದರೆ ಅದರಲ್ಲಿ ಆರು ಕೆಜಿಯಷ್ಟು ಮುಂದೆಯೇ ಉಳಿಯಬಹುದು, ಅಷ್ಟೇ. ಮುಂದಿನ ಚಕ್ರ ಎಳೆಯುವ ಕಾರಾದ್ದರಿಂದ ಇದು ಲಾಭವೇ. ಹಿಂದಿನ ಚಕ್ರ ತಳ್ಳುವ ಕಾರಿಗಾದರೆ ಉಲ್ಟಾ, ಅಲ್ಲಿ ಭಾರ ಹಿಂದಕ್ಕೆ ಬಂದಷ್ಟೂ ಹಿಡಿತ ಜಾಸ್ತಿ.

ನಿಜವಾದ ಲಾಭ ಇರುವುದು ತಿರುವಿನಲ್ಲಿ. ಆದರೆ ಅದಕ್ಕೂ ಮಿತಿ ಇದೆ.

ಕಾರಿನ ಕೆಳಗೆ ಬಗ್ಗಿ ನೋಡಿ. ಮುಂದಿನ ಚಕ್ರದಿಂದ ಒಳಕ್ಕೆ ಹೋಗುವ ಲೋವರ್ ಆರ್ಮ್ ಕಾಣುತ್ತದೆ. ಕಾರು ನೆಲದ ಮೇಲೆ ನಿಂತಾಗ ಅದರ ಚಕ್ರದ ಕಡೆಯ ತುದಿ ಸ್ವಲ್ಪ ಕೆಳಗಿರಬೇಕು, ತೀರಾ ಅಂದರೆ ಮಟ್ಟವಾಗಿರಬಹುದು. ಅದು ಮೇಲಕ್ಕೆ ಎದ್ದಿತೆಂದರೆ ಅತಿಯಾಯಿತು ಅಂತಲೇ ಅರ್ಥ. ಯಾಕಂದರೆ ಪೋಲೋದ ಮುಂದಿನ ಚಕ್ರಗಳಿಗಿರುವ ಮ್ಯಾಕ್‌ಫರ್ಸನ್ ಸಸ್ಪೆನ್ಷನ್‌ನಲ್ಲಿ ಕಾರಿನ ಭಾರದ ನಡುಬಿಂದು ಇಳಿದದ್ದಕ್ಕಿಂತ ಜಾಸ್ತಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಇಳಿಯುತ್ತದೆ, ಎರಡರ ನಡುವೆ ಅಂತರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರನ್ನು ವಾಲಿಸುವ ಬಲವೂ ಹೆಚ್ಚುತ್ತದೆ. ಗಟ್ಟಿ ಸ್ಪ್ರಿಂಗ್ ಇದನ್ನು ಮುಚ್ಚಿಡುತ್ತದೆ, ಅಷ್ಟೇ. ಜೊತೆಗೆ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ತಾನಾಗಿಯೇ ಎಳೆಯಲು ಶುರುಮಾಡಬಹುದು. ನನ್ನ ಪ್ರಕಾರ ರಸ್ತೆಯ ಕಾರಿಗೆ 25–30 ಮಿಮೀ ಸಾಕು, ಅದರಾಚೆ ಬರೀ ಶೋಕಿ.

ಸ್ಪ್ರಿಂಗ್ ಕತ್ತರಿಸಿ ಕೊಡ್ತೀವಿ ಅನ್ನುವ ಗ್ಯಾರೇಜಿಗೆ ಹೋಗಲೇಬೇಡಿ. ಚಕ್ರ ಪೂರ್ತಿ ಇಳಿಬಿದ್ದಾಗ ಅಂಥ ಸ್ಪ್ರಿಂಗ್ ಕೂರುವ ಜಾಗದಿಂದ ಜಾರಬಹುದು. ನಿಮ್ಮ ಮಾಡೆಲ್‌ಗೇ ಮಾಡಿದ ಲೋವರಿಂಗ್ ಸ್ಪ್ರಿಂಗ್ ತಗೊಳ್ಳಿ. ಶಾಕ್ ಅಬ್ಸಾರ್ಬರ್ ಹಳೆಯದಾಗಿದ್ದರೆ ಅದನ್ನೂ ಈಗಲೇ ಬದಲಿಸಿ, ಇಲ್ಲದಿದ್ದರೆ ಹಂಪ್ ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ.

ಬಿಚ್ಚುವ ಮುಂಚೆ ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಎಷ್ಟು ಇಳಿದಿದೆ ಅಂತ ಹೇಳೋಕೆ ಬೇರೆ ದಾರಿ ಇಲ್ಲ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ) ಬಳಸಿ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್‌ಗೇ ಬಿಡಿ, ಅದು ಸಿಡಿದರೆ ತಮಾಷೆಯಲ್ಲ. ಆದರೆ ಪಕ್ಕದಲ್ಲೇ ನಿಂತು ಒಂದು ಮಾತು ಹೇಳಿ: ಆರ್ಮ್ ಕಾರಿಗೆ ಸೇರುವ ಕಡೆಯ ರಬ್ಬರ್ ಬುಷ್‌ನ ಬೋಲ್ಟ್ ಸಡಿಲಿಸಿದ್ದರೆ ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೇ ಆಗಬೇಕು. ಲಿಫ್ಟ್ ಮೇಲೆ ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅವತ್ತೇ ಅಲೈನ್‌ಮೆಂಟ್ ಮಾಡಿಸಿ. ಕೆಲವು ನೂರು ಕಿಮೀ ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ. ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹೊರಕ್ಕೆ ತಪ್ಪಿದ್ದರೆ ಟೈರಿನ ಒಳಅಂಚು ಸುಮ್ನೆ ಸವೆದುಹೋಗುತ್ತದೆ, ನಿಂತು ನೋಡಿದರೆ ಕಾಣುವುದೂ ಇಲ್ಲ. ಹೆಡ್‌ಲೈಟ್ ಎತ್ತರವೂ ಸರಿಪಡಿಸಿ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆ ತಿಳಿಸಿಬಿಡಿ.