ಆಣೆ, ಗದ್ಯಾಣ, ಮೊಹರು: ಹಳೇ ನಾಣ್ಯಗಳ ಹೆಸರನ್ನು ಬಾಯ್ತುಂಬ ಹೇಳೋದು ಹೇಗೆ

ಮನೆಯ ಹಳೇ ಡಬ್ಬಿಯಲ್ಲಿ ಸಿಕ್ಕ ತಾಮ್ರದ ನಾಣ್ಯವೊಂದನ್ನು ತಂಗಿಯ ಮಗಳು ಕೈಯಲ್ಲಿ ಹಿಡಿದು, ಮೇಲಿದ್ದ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ, "ಒನ್ ಕ್ವಾರ್ಟರ್ ಅಣ್ಣ" ಅಂತ ಓದಿದಳು. ತಪ್ಪು ಅವಳದಲ್ಲ. ಎ, ಎನ್, ಎನ್, ಎ ಅಂತ ಬರೆದಿದ್ದರೆ ಕನ್ನಡದ ಮಗು ಅಣ್ಣ ಅಂತಲೇ ಓದುತ್ತದೆ. ನನಗೆ ಬೇಜಾರಾಗಿದ್ದು ಆಮೇಲೆ, ವರ್ಷಗಟ್ಟಲೆ ನಾಣ್ಯ ಕೂಡಿಟ್ಟ ದೊಡ್ಡವರೂ ಹಣ ಅನ್ನುವ ಹಳೇ ನಾಣ್ಯಕ್ಕೆ "ಫನಾಮ್", ಕಾಸಿಗೆ "ಕ್ಯಾಶ್" ಅನ್ನುವುದನ್ನು ಕೇಳಿದಾಗ. ನಮ್ಮ ಊರಿನ ಮಾತುಗಳು ಇಂಗ್ಲಿಷ್ ಕ್ಯಾಟಲಾಗಿಗೆ ಹೋಗಿ ವಾಪಸ್ ಬಂದಿವೆ, ನಮಗೇ ಗುರುತು ಸಿಗುತ್ತಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ಇಂಗ್ಲಿಷಿನಲ್ಲಿ ಹೆಸರು ಕಂಡ ಕೂಡಲೇ ಬಾಯಿ ತೆರೆಯಬೇಡಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ನೋಡಿ. ಬರೆಯುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿರುವುದು ನ ನೋ ಣ ನೋ? ಅಕ್ಷರ ಗಿಡ್ಡವೋ ಉದ್ದವೋ? ಒತ್ತು ಇದೆಯೋ ಇಲ್ಲವೋ? ಇಂಗ್ಲಿಷ್ ಬರಹ ಈ ಮೂರನ್ನೂ ನುಂಗಿಬಿಡುತ್ತದೆ.

ಣ ದಿಂದಲೇ ಶುರು ಮಾಡೋಣ, ಜಾಸ್ತಿ ಎಡವುವುದು ಇಲ್ಲೇ. ಆಣೆ, ಹಣ, ಹಳೇ ಚಿನ್ನದ ನಾಣ್ಯವಾದ ಗದ್ಯಾಣ, ಚಿಲ್ಲರೆ ಲೆಕ್ಕದ ದುಗ್ಗಾಣಿ, ಕಾಣಿ. ಎಲ್ಲದರಲ್ಲೂ ಣ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ಮೈಸೂರಿನ ಹಳೇ ತಾಮ್ರದ ಕಾಸುಗಳ ಮೇಲೆ ಆನೆಯ ಚಿತ್ರ ಇರುತ್ತದೆ, ಅದನ್ನು ಒಂದು ಕೈಯಲ್ಲಿ ಹಿಡಿದು ಆನೆ ಅನ್ನಿ, ಇನ್ನೊಂದು ಕೈಯಲ್ಲಿ ಬ್ರಿಟಿಷರ ಕಾಲದ ನಾಣ್ಯ ಹಿಡಿದು ಆಣೆ ಅನ್ನಿ. ಹತ್ತು ಸಲ ಅಂದರೆ ಸಾಕು, ನಾಲಿಗೆಗೆ ದಾರಿ ಗೊತ್ತಾಗುತ್ತದೆ. ದೇವರ ಮೇಲೆ ಆಣೆ ಇಡುತ್ತೇವಲ್ಲ, ಅದೇ ಉಚ್ಚಾರ. ಗದ್ಯಾಣವನ್ನು ಗ, ದ್ಯಾ, ಣ ಅಂತ ಮೂರು ತುಂಡು ಮಾಡಿ ಹೇಳಿ. ಸುಮ್ನೆ ಇಂಗ್ಲಿಷ್ ನೋಡಿ ಓದಿದರೆ "ಗಡ್ಯಾನ" ಆಗಿಬಿಡುತ್ತದೆ.

ಇನ್ನು ಹಣ. ಕ್ಯಾಟಲಾಗಿನ ಫನಂ ಇದೇ. ಹಳಗನ್ನಡದಲ್ಲಿ ಪಣ, ತಮಿಳಿನಲ್ಲಿ ಪಣಂ. ನಮ್ಮಲ್ಲಿ ಪದದ ಮೊದಲ ಪ ಕಾಲಕ್ರಮದಲ್ಲಿ ಹ ಆಯಿತು, ಪಾಲು ಹಾಲಾದ ಹಾಗೆ. ಪೊನ್ನು ಹೊನ್ನಾಯಿತು, ಪಾಗ ಹಾಗ ಆಯಿತು. ಈ ಹಾಗ ಅಂದರೆ ಹಣದ ಕಾಲು ಭಾಗ. ಶಾಸನ ಓದುವಾಗ ಒಂದು ವಿನಂತಿ: ಕಲ್ಲಿನಲ್ಲಿ ಪೊನ್ ಅಂತ ಇದ್ದರೆ ಪೊನ್ ಅಂತಲೇ ಓದಿ, ಹ ಇದ್ದರೆ ಹ ಅನ್ನಿ. 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ, ಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟ ಚಿನ್ನದ ನಾಣ್ಯ ಕಂಠೀರಾಯಿ ಹಣ. ಅದನ್ನು "ಕಾಂತಿರಾಯ್ ಫನಾಮ್" ಅಂದರೆ ಕೇಳಲು ಕಷ್ಟ ಅಲ್ವಾ? ಠ ಮಹಾಪ್ರಾಣ, ಠೀ ದೀರ್ಘ. ಅಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ.

ವರಹದಲ್ಲಿ ಉದ್ದ ಗಿಡ್ಡದ ಗೊಂದಲ. ಹೆಸರು ಬಂದದ್ದು ನಾಣ್ಯದ ಮೇಲಿದ್ದ ವರಾಹನಿಂದ. ದೇವರಿಗೆ ರಾ ದೀರ್ಘ, ನಾಣ್ಯಕ್ಕೆ ಬಳಕೆಯಲ್ಲಿ ಗಿಡ್ಡ: ವರಹ. ಇಂಗ್ಲಿಷರು ಇದನ್ನೇ ಪಗೋಡ ಅಂದರು. ಮದರಾಸಿನ ಈಸ್ಟ್ ಇಂಡಿಯಾ ಕಂಪನಿ ಲೆಕ್ಕದಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ಪಗೋಡ. ಅಲ್ಲಿಯ ನಾಣ್ಯದ ಮೇಲೆ ರೋಮನ್ ಅಂಕಿಯಲ್ಲಿ "ಎಕ್ಸ್ ಎಕ್ಸ್ ಕ್ಯಾಶ್" ಅಂತ ಅಚ್ಚಾಗಿದ್ದರೂ ಇಪ್ಪತ್ತು ಕಾಸು ಅಂತಲೇ ಹೇಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯ ಸಿಕ್ಕರಂತೂ ಅನುಮಾನವೇ ಬೇಡ, ಇಂಗ್ಲಿಷಿನ ಕ್ಯಾಶ್ ಜೊತೆಗೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಅದರಲ್ಲೇ ಬರೆದಿದೆ. ದುಡ್ಡು ಕೂಡ ಒಮ್ಮೆ ಒಂದು ತಾಮ್ರದ ನಾಣ್ಯದ ಹೆಸರು. ಇಂಗ್ಲಿಷ್ ಪುಸ್ತಕದಲ್ಲಿ "ದೂದೂ" ಅಂತ ಕಂಡರೆ ಡ್ಡು ಒತ್ತಿ ಹೇಳಿ, ದಿನಾ ಹೇಳುವ ಹಾಗೆಯೇ. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು. ಕೊನೆಯ ಸ ಗಿಡ್ಡ, ವಿದೇಶಕ್ಕೆ ಹೋಗಲು ಬೇಕಾಗುವ ವೀಸಾ ಬೇರೆ.

ಟಿಪ್ಪುವಿನ ನಾಣ್ಯಗಳಿಗೆ ಇನ್ನೊಂದು ಉಪಾಯ ಬೇಕು, ಅರ್ಥ ತಿಳಿದುಕೊಳ್ಳುವುದು. ತಾಮ್ರದವುಗಳಲ್ಲಿ ಜೋಹ್ರಾ ಅಂದರೆ ಶುಕ್ರ, ಬಹ್ರಾಮ್ ಅಂದರೆ ಮಂಗಳ, ಅಖ್ತರ್ ಅಂದರೆ ನಕ್ಷತ್ರ, ಕುತುಬ್ ಅಂದರೆ ಧ್ರುವ. ಬೆಳ್ಳಿಯ ರೂಪಾಯಿ ಇಮಾಮಿ, ಅದರ ಅರ್ಧ ಆಬಿದಿ, ಕಾಲು ಬಾಕಿರಿ. ಜೋಹ್ರಾದ ಜ ನಮ್ಮ ಜಾತ್ರೆಯ ಜ ಅಲ್ಲ, ಜೇನ್ನೊಣ ಗುಂಯ್‌ಗುಟ್ಟುವ ಹಾಗೆ ಹಲ್ಲಿನ ಸಂದಿಯಿಂದ ಬರುವ ಸದ್ದು. ಅಖ್ತರ್‌ನ ಖ ಗಂಟಲಿನಿಂದ. ಉರ್ದು ಮಾತಾಡುವ ಗೆಳೆಯರಿದ್ದರೆ ಒಮ್ಮೆ ಹೇಳಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚಿನ್ನದ ನಾಣ್ಯ ಮೊಹರು ಸುಲಭ. ಪಾರ್ಸಿ ಭಾಷೆಯಲ್ಲಿ ಮುದ್ರೆ ಅನ್ನುವ ಅರ್ಥದ ಮಾತು ಅದು, ನಾವು ಕಚೇರಿಯಲ್ಲಿ ಒತ್ತಿಸುವ ಮೊಹರೂ ಅದೇ.

ಕೊನೆಗೆ ರೂಪಾಯಿ ಲೆಕ್ಕ, ಮನೆಯ ಹಳೇ ಪತ್ರ ಓದಲು ಇದು ಬೇಕೇ ಬೇಕು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಪೈ ಬೇರೆ, ಪೈಸೆ ಬೇರೆ, ಮೂರು ಪೈ ಸೇರಿದರೆ ಒಂದು ಪೈಸೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂತು. 1964ರವರೆಗೆ ಅದಕ್ಕೆ ನಯಾ ಪೈಸೆ ಅಂತ ಹೆಸರು. ಆದರೂ 25 ಪೈಸೆ ಜನರ ಬಾಯಲ್ಲಿ ನಾಕಾಣೆಯಾಗಿಯೇ ಉಳಿಯಿತು, 50 ಎಂಟಾಣೆ, 75 ಹನ್ನೆರಡಾಣೆ. ಉತ್ತರ ಕರ್ನಾಟಕದ ಕಡೆ ಚಾರಾಣೆ, ಬಾರಾಣೆ ಕೇಳಿರುತ್ತೀರಿ. ಎಲ್ಲ ಕಡೆ ಸಂಖ್ಯೆ ಮತ್ತು ಆಣೆ ಕೂಡಿಯೇ ಬರುತ್ತವೆ, "ನಾಲ್ಕು" ಅಂದು ನಿಲ್ಲಿಸಿ "ಆಣೆ" ಅನ್ನಬೇಡಿ. ಕಾಲಾಣೆ, ಅರ್ಧಾಣೆ, ಒಂದಾಣೆ, ಎರಡಾಣೆ ಅಂತ ಒಂದೇ ಉಸಿರಿನಲ್ಲಿ ಹೇಳಿ.

ಹಳೇ ಲೆಕ್ಕದ ಪುಸ್ತಕದಲ್ಲಿ 5-12-6 ಅಂತ ಕಂಡರೆ ಅದು ತಾರೀಕಲ್ಲ. ಐದು ರೂಪಾಯಿ ಹನ್ನೆರಡಾಣೆ ಆರು ಪೈ. ಆರು ಪೈ ಅಂದರೆ ಅರ್ಧಾಣೆ, ಹಾಗಾಗಿ ಐದು ರೂಪಾಯಿ ಹನ್ನೆರಡೂವರೆ ಆಣೆ ಅಂದರೂ ಸರಿ. ತಂಗಿಯ ಮಗಳಿಗೆ ಈ ಸಾಲನ್ನೇ ಓದಲು ಕೊಟ್ಟಿದ್ದೆ, ಎರಡನೇ ಸಲಕ್ಕೆ ತಡವರಿಸದೆ ಓದಿದಳು.