ಪಟ್ಟಿ ಕೊಟ್ಟಿದ್ರಾ ಅಂತ ಕೇಳಿದ ಮೇಲೆ

ಐದು ವರ್ಷದ ಕಾನೂನು ಕೋರ್ಸಿನ ಕೊನೆಯ ವರ್ಷ ನಾನು ಪ್ರಬಂಧ ಬರೆದದ್ದು ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಮೇಲೆ. ಲೈಬ್ರರಿಯಲ್ಲಿ ಕೂತು ಓದುವ ಭಾಗ ಬೇಗ ಮುಗಿಯಿತು. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19(1)(ಜಿ) ವಿಧಿಯ ಹಕ್ಕು, ಅದಕ್ಕೆ ಮಿತಿ ಹಾಕಬಹುದು ಅಷ್ಟೇ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಸೋದನ್ ಸಿಂಗ್ ಕೇಸಿನಲ್ಲಿ ಹೇಳಿತ್ತು. ಕಾಯ್ದೆ ಬಂದದ್ದು 2014ರಲ್ಲಿ. ನಡುವೆ 25 ವರ್ಷ. ಇಷ್ಟು ಬರೆದುಕೊಂಡು, ಪ್ರಶ್ನಾವಳಿ ಹಿಡಿದು ಮಾರ್ಕೆಟ್ಟಿಗೆ ಹೋದೆ.

ಆ ಪ್ರಶ್ನಾವಳಿ ಎರಡು ದಿನ ಬಾಳಲಿಲ್ಲ. ಮೊದಲ ಪ್ರಶ್ನೆಯೇ ‘ನಿಮಗೆ 2014ರ ಕಾಯ್ದೆಯ ಅರಿವು ಇದೆಯೇ?’ ಅಂತ. ಎಲ್ಲರದ್ದೂ ಒಂದೇ ಉತ್ತರ: ‘ಗೊತ್ತಿಲ್ಲ ತಂಗಿ.’ ಗಿರಾಕಿ ಬರುವ ಹೊತ್ತಿಗೆ ಪ್ಯಾಡ್ ಹಿಡಿದು ಎದುರು ನಿಂತರೆ ಯಾರು ತಾನೇ ಮಾತಾಡುತ್ತಾರೆ? ‘ವ್ಯಾಪಾರಿಗಳಲ್ಲಿ ಅರಿವಿನ ಕೊರತೆ’ ಅಂತ ಒಂದು ಅಧ್ಯಾಯ ಬರೆದು ಮುಗಿಸಬಹುದಿತ್ತು. ಬೇಕಾದಷ್ಟು ಪ್ರಬಂಧಗಳು ಅಲ್ಲೇ ನಿಂತುಬಿಡುತ್ತವೆ. ನನಗೆ ಅದು ತಪ್ಪು ಅನಿಸಿತು. ಕಾಯ್ದೆ ಪಾಲಿಸಬೇಕಾದವರು ಒಬ್ಬರು, ಗೊತ್ತಿಲ್ಲ ಅಂತ ದೂರು ಹೇಳಿಸಿಕೊಳ್ಳುವವರು ಇನ್ನೊಬ್ಬರು ಅಂದರೆ ಹೇಗೆ?

ಮೂರನೇ ದಿನದಿಂದ ಪ್ಯಾಡ್ ಬ್ಯಾಗಿನಲ್ಲೇ ಇಟ್ಟೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾರ್ಕೆಟ್ ತಣ್ಣಗಿರುತ್ತದೆ. ಆ ಹೊತ್ತಿಗೆ ಹೋಗಿ, ಟೊಮೆಟೊ ಮಾರುವ ಒಬ್ಬ ಅಜ್ಜಿಯ ಪಕ್ಕ ಸುಮ್ನೆ ಕೂತೆ. ಅವರು ಅವರೆಕಾಯಿ ಸುಲಿಯುತ್ತಿದ್ದರೆ ನಾನೂ ಸುಲಿದೆ. ಅಲ್ಲಿ ರೆಕಾರ್ಡರ್ ಆನ್ ಮಾಡಲಿಲ್ಲ, ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಕೇಳಿದ್ದನ್ನೆಲ್ಲ ಬಸ್ಸಿನಲ್ಲಿ ವಾಪಸ್ ಬರುವಾಗ ಬರೆದಿಟ್ಟೆ.

ದುಡ್ಡಿನ ಲೆಕ್ಕ ತಾನಾಗಿ ಬಂತು. ಬೆಳಿಗ್ಗೆ ಸಾಲ ಕೊಡುವವನು 1,000 ಅಂತ ಹೇಳಿ 900 ಕೈಗಿಡುತ್ತಾನೆ. ಸಂಜೆ 1,000 ವಾಪಸ್. ದಿನಕ್ಕೆ 100 ರೂಪಾಯಿ ಅಂದರೆ 300 ದಿನಕ್ಕೆ 30,000. ಕೈಗೆ ಬಂದದ್ದು ಅದೇ 900. ನಗರಪಾಲಿಕೆಯವರು ಗಾಡಿ ಎತ್ತಿಕೊಂಡು ಹೋದ ದಿನವೂ ಸಾಲ ಕೊಟ್ಟವನು ಸಂಜೆ ಬಂದೇ ಬರುತ್ತಾನೆ. ಮಾಲು ಜಪ್ತಿಯಾದ ದಿನದ ನಷ್ಟ ಬರೀ ಟೊಮೆಟೊ ಬೆಲೆ ಅಲ್ಲ ಅನ್ನೋದು ನನಗೆ ಅರ್ಥವಾದದ್ದು ಆಗ.

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. ‘ಕಳೆದ ಸಲ ಸಾಮಾನು ತಗೊಂಡು ಹೋದಾಗ ಕೈಗೆ ಏನಾದರೂ ಕಾಗದ ಕೊಟ್ಟಿದ್ರಾ? ಏನೇನು ತಗೊಂಡ್ವಿ ಅಂತ ಪಟ್ಟಿ?’

ಅಜ್ಜಿ ಕಾಲ ಕೆಳಗಿನ ಗೋಣಿಚೀಲ ಎತ್ತಿ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಂದೊಂದೇ ಕಾಗದ ನನ್ನ ಮಡಿಲಿಗೆ ಹಾಕಿದರು. ರೇಷನ್ ಕಾರ್ಡ್. ಲ್ಯಾಮಿನೇಷನ್ ಬಿಟ್ಟುಕೊಂಡ ವ್ಯಾಪಾರಿ ಗುರುತಿನ ಚೀಟಿ. 2020ರಲ್ಲಿ ಶುರುವಾದ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲದ ಕಾಗದ. ಮೊಮ್ಮಗನ ಶಾಲೆಯ ರಸೀದಿ. ನೆಲಬಾಡಿಗೆಯ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿದ್ದು. ಅವರಿಗೆ ಓದೋಕೆ ಬರಲ್ಲ, ಆದರೆ ಯಾವುದು ಯಾವ ಕಾಗದ ಅಂತ ಅಂಚು ಮುಟ್ಟಿಯೇ ಹೇಳುತ್ತಿದ್ದರು. ಜಪ್ತಿಯ ಪಟ್ಟಿ ಅದರಲ್ಲಿ ಇರಲಿಲ್ಲ. ಕೈಗೆ ಬಂದ ಒಂದು ಚೀಟಿಯನ್ನೂ ಕಳೆಯದ ಹೆಂಗಸು ಅದೊಂದನ್ನೇ ಕಳೆದುಕೊಂಡರು ಅಂತ ನಾನು ನಂಬಲಾರೆ.

ಇಲ್ಲಿ ಕಾಯ್ದೆ ಏನು ಹೇಳುತ್ತದೆ ಅಂತ ಹೇಳಬೇಕು. ವ್ಯಾಪಾರಿಗಳ ಸಮೀಕ್ಷೆ ಮುಗಿದು, ವ್ಯಾಪಾರ ಮಾಡುವ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಅದು 3(3)ನೇ ಸೆಕ್ಷನ್. ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಬೇಕು, ಅದು 18. ನೋಟಿಸಿನ ಅವಧಿ ಮುಗಿದರೂ ಜಾಗ ಬಿಡದಿದ್ದರೆ ಮಾತ್ರ ಜಪ್ತಿ. ಹಾಗೆ ಜಪ್ತಿ ಮಾಡುವಾಗಲೂ ಪಟ್ಟಿ ಬರೆದು, ಸಹಿ ಹಾಕಿ, ಒಂದು ಪ್ರತಿ ವ್ಯಾಪಾರಿಗೆ ಕೊಡಲೇಬೇಕು. ಇದು 19. ಕೊಳೆಯುವ ಮಾಲಾದರೆ ಕೇಳಿದ ದಿನವೇ ವಾಪಸ್, ಉಳಿದದ್ದು ಎರಡು ಕೆಲಸದ ದಿನದೊಳಗೆ. ಶುಲ್ಕ ಕಟ್ಟಬೇಕು, ಸರಿ. ಆದರೆ ಪಟ್ಟಿಯೇ ಇಲ್ಲ ಅಂದರೆ ಏನನ್ನು ವಾಪಸ್ ಕೇಳೋದು? ನಾಲ್ಕು ಕ್ರೇಟ್ ಹೋಯಿತು ಅಂತ ಅಜ್ಜಿ ಹೇಳಿದರೆ, ಎರಡೇ ಅಂತ ಆ ಕಡೆಯವರು ಹೇಳಬಹುದು. ಇಡೀ ಸೆಕ್ಷನ್ ಆ ಒಂದು ಕಾಗದದ ಮೇಲೆ ನಿಂತಿದೆ.

ಸಂಬಂಧಪಟ್ಟ ಕಚೇರಿಗೆ ಆರ್‌ಟಿಐ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಈ ಮಿತಿ ನನಗೆ ಒಳ್ಳೆಯದೇ ಮಾಡಿತು. ‘ಕಾಯ್ದೆಯ ಅನುಷ್ಠಾನದ ವಿವರ ಕೊಡಿ’ ಅಂತ ಉದ್ದಕ್ಕೆ ಬರೆಯದೆ, ಕಳೆದ ಒಂದು ವರ್ಷದಲ್ಲಿ 19ನೇ ಸೆಕ್ಷನ್ ಪ್ರಕಾರ ಕೊಟ್ಟ ಜಪ್ತಿ ಪಟ್ಟಿಗಳ ಪ್ರತಿ ಕೊಡಿ ಅಂತ ಎರಡೇ ಸಾಲು ಬರೆದೆ. ಉತ್ತರವೂ ಅಷ್ಟೇ ಚಿಕ್ಕದು: ‘ಕಡತದಲ್ಲಿ ಲಭ್ಯವಿಲ್ಲ.’ ಅರಿವಿನ ಕೊರತೆಯ ಅಧ್ಯಾಯ ಬರೆಯಬೇಕಿದ್ದ ಜಾಗದಲ್ಲಿ ಆ ಉತ್ತರದ ಪ್ರತಿ ಅಂಟಿಸಿದೆ.

ಇಂಥ ಪ್ರಬಂಧ ಬರೆಯ ಹೊರಟವರಿಗೆ ನಾನು ಹೇಳುವುದು ಒಂದೇ. ಬರೆದದ್ದನ್ನು ಸಲ್ಲಿಸುವ ಮುಂಚೆ ಮಾತಾಡಿದವರ ಹತ್ತಿರ ತಗೊಂಡು ಹೋಗಿ, ಅವರ ಭಾಷೆಯಲ್ಲಿ ಓದಿ ಹೇಳಿ. ನಾನು ಹೋದೆ. ಆ ಮೂರು ಸೆಕ್ಷನ್‌ಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿದ್ದೆ. ಅದು ಅಜ್ಜಿಯ ಕವರಿಗೆ ಸೇರಿತು. ಆಮೇಲೆ ಅವರ ಕಥೆ ಇದ್ದ ಪುಟ ಓದಿದೆ. ‘ನಾಲ್ಕು ಕ್ರೇಟ್ ಟೊಮೆಟೊ, ಒಂದು ತಕ್ಕಡಿ, ಒಂದು ಟಾರ್ಪಾಲು.’ ಅಷ್ಟರಲ್ಲಿ ಅವರು ತಡೆದರು.

‘ಕಲ್ಲು ಬರ್ದಿಲ್ಲ ನೀನು.’

ತೂಕದ ಕಲ್ಲು. ಪೆನ್ ತೆಗೆದೆ. ಅವರು ಬೆರಳು ಮಡಚುತ್ತಾ ಹೇಳಿದರು, ನಾನು ಅಲ್ಲೇ ಕೂತು ಬರೆದುಕೊಂಡೆ: ಎರಡು ಕೆಜಿಯದ್ದು ಒಂದು, ಒಂದು ಕೆಜಿಯದ್ದು ಒಂದು, ಅರ್ಧ ಕೆಜಿಯದ್ದು ಒಂದು, 200 ಗ್ರಾಂದು ಎರಡು, 100 ಗ್ರಾಂದು ಒಂದು.